ಅಪರೂಪದ ದನಿಗೆ ದುಪ್ಪಟ್ಟು

ಆರ್.ಟಿ. ನಗರ
6 ಮಾರ್ಚ್ 2025

ಪ್ರತಿಭಾ,

ಶನಿವಾರದಿಂದ ಫೋನ್ ಮಾಡುತ್ತಲೇ ಇದ್ದೇನೆ. ರಿಂಗ್ ಆಗುತ್ತದೆ, ನೀನು ಎತ್ತುವುದಿಲ್ಲ. ಮೆಸೇಜ್ ಓದಿದ್ದೀಯ ಎಂದು ನೀಲಿ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಂಚೆಯವನು ಕೈಗೆ ಕೊಟ್ಟ ಕಾಗದವನ್ನು ಒಡೆಯದೆ ಇಡುವುದು ನಿನ್ನಿಂದ ಆಗುವುದಿಲ್ಲ.

ಹೆಬ್ಬಾಳದ ಸಭೆಯಿಂದ ನೀನು ಹಾಗೆ ಎದ್ದು ಹೋಗಬಾರದಿತ್ತು. ಕಂಪನಿಯ ಹೇಮಂತ ಹೊಸ ದರಗಳನ್ನು ಓದಿ ಮುಗಿಸಿಯೇ ಇರಲಿಲ್ಲ. ನಾನು ಮೆಟ್ಟಿಲಿಳಿದು ಹಿಂದೆಯೇ ಓಡಿ ಬಂದೆ. ನೀನು ನನ್ನನ್ನು ನೋಡಿದೆ. ನೋಡಿಯೂ ಚಿಕ್ಕಜಾಲದ ಬಸ್ಸು ಹತ್ತಿದೆ.

ಈ ನುಡಿಬುತ್ತಿ ಆಪ್‌ನ ಕೆಲಸಕ್ಕೆ ನನ್ನನ್ನು ಸೇರಿಸಿದ್ದೇ ನೀನು. "ಫೋನಲ್ಲಿ ಬರೋ ವಾಕ್ಯನ ಜೋರಾಗಿ ಓದೋದು, ಕಂಪನಿಯವ್ರು ಒಪ್ಪಿದ್ರೆ ವಾಕ್ಯಕ್ಕಿಷ್ಟು ಅಂತ ದುಡ್ಡು. ಯಂತ್ರಕ್ಕೆ ಕನ್ನಡ ಕಲಿಸೋದು ಕಣೇ, ಅಷ್ಟೇ" ಅಂತ ನಮ್ಮ ಅಡುಗೆಮನೆಯಲ್ಲಿ ನಿಂತುಕೊಂಡೇ ಆಪ್ ಹಾಕಿಕೊಟ್ಟೆ. ಇಲ್ಲಿಯವರೆಗೆ ಇಬ್ಬರಿಗೂ ಒಂದೇ ದರ ಇತ್ತು. ಬೆಂಗಳೂರಿನ ಕನ್ನಡ ಓದುವವರು ಬೇಕಾದಷ್ಟಾದರು, ಅವರಿಗೆ ಇನ್ನು ಅರ್ಧ. ಮನೆಯಲ್ಲಿ ಉರ್ದು ಆಡುವವರ ಕನ್ನಡ ಕಡಿಮೆ ಸಿಕ್ಕಿದೆ, ಅವರಿಗೆ ದುಪ್ಪಟ್ಟು ಎಂದು ತೀರ್ಮಾನಿಸಿದವರು ಯಾರೋ. ನಾನು ಕೇಳಿ ಪಡೆದದ್ದಲ್ಲ. ಆ ಹೊತ್ತಿನಲ್ಲಿ ನನಗೆ ಖುಷಿಯಾದದ್ದು ನಿಜ, ಮುಖದಲ್ಲಿ ಕಂಡಿರಲೂಬಹುದು. ಅಷ್ಟಕ್ಕೆ ಮಾತು ಬಿಡುತ್ತಾರೇನೇ?

ಅಮ್ಮಿ "ಪ್ರತಿಭಾ ಕಬ್ ಆತೀ?" ಅಂತ ದಿನಾ ಕೇಳುತ್ತಾರೆ. ಬರುತ್ತಾಳೆ ಅಂತ ಹೇಳುತ್ತಿದ್ದೇನೆ.

ನಿನ್ನ
ಅನೀಸಾ


ಚಿಕ್ಕಜಾಲ
15 ಮಾರ್ಚ್ 2025

ಅನೀಸಾ,

ಕಾಗದ ತಲುಪಿತು. ಫೋನಿನಲ್ಲಿ ಮಾತಾಡಿದರೆ ಏನಾದರೂ ಒರಟಾಗಿ ಅಂದುಬಿಡುತ್ತೇನೆ ಎಂಬ ಭಯದಿಂದ ಎತ್ತಲಿಲ್ಲ. ಬರೆಯುವಾಗ ಒಂದು ಸಲ ಯೋಚಿಸಬಹುದು.

ಯೋಚಿಸಿಯೇ ಬರೆಯುತ್ತಿದ್ದೇನೆ. ನನಗೆ ತಡೆಯಲಾಗುತ್ತಿಲ್ಲ. ಇಲ್ಲಿ ನಾನು ಹೇಗೆ ಓದುತ್ತೇನೆ ಗೊತ್ತಲ್ಲ: ಫ್ಯಾನ್ ಆರಿಸಿ, ಕಿಟಕಿಗೆ ರಗ್ಗು ಕಟ್ಟಿ, ಒಂದು ವಿಮಾನ ಹೋಗಿ ಇನ್ನೊಂದು ಬರುವುದರೊಳಗೆ. ನಡುವೆ ಸದ್ದು ಬಂದರೆ ವಾಕ್ಯ ತಿರಸ್ಕೃತ, ದುಡ್ಡಿಲ್ಲ. ಹೀಗೆ ಬೆವರು ಸುರಿಸಿ ಓದಿದ್ದಕ್ಕೆ ಈಗ ಅರ್ಧ. "ನಿಮ್ಮಂಥ ದನಿ ಭಾಳ ಆಗ್ಯಾವ್ರಿ ಮೇಡಂ" ಅಂದ ಹೇಮಂತ, ಎಲ್ಲರೆದುರಿಗೆ. ಶಾಲೆಯಲ್ಲಿ ಭಾಷಣ ಅಂದರೆ ನಾನು, ಪ್ರಾರ್ಥನೆ ಅಂದರೆ ನಾನು. ನನಗೆ ಹೆಚ್ಚಿನ ಓದಿಲ್ಲ, ಕೆಲಸವಿಲ್ಲ, ಸ್ವಂತ ಮನೆಯಿಲ್ಲ. ಇದ್ದದ್ದು ಸ್ವಚ್ಛವಾದ ಕನ್ನಡ ಒಂದು. ಅದು ಸಂತೆಯಲ್ಲಿ ರಾಶಿ ಬಿದ್ದ ಟೊಮೇಟೊ ಆಯಿತು.

ಮನೆಗೆ ಬಂದು ಹೇಳಿದರೆ ಸುಬ್ರಮಣಿ ಕಾರಿನ ಕೀಲಿ ಗೋಡೆಗೆ ಸಿಕ್ಕಿಸುತ್ತ, "ಬಿಡು, ಟೈಂಪಾಸ್‌ಗೆ ತಾನೆ ಓದ್ತಿದ್ದೆ" ಅಂದರು. ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುವ ಗಂಡನಿಗೆ ತನ್ನ ದರ ಅರ್ಧಕ್ಕಿಳಿದಾಗ ಟೈಂಪಾಸ್ ಅನ್ನಿಸುವುದಿಲ್ಲ.

ನೀನು ನಿನ್ನ ದುಪ್ಪಟ್ಟನ್ನು ಚೆನ್ನಾಗಿ ಅನುಭವಿಸು. ತಪ್ಪು ತಪ್ಪಾಗಿ ಓದಿದಷ್ಟೂ ಲಾಭವಂತೆ. ನಾನು ನಿನ್ನನ್ನು ತಿದ್ದದೇ ಇದ್ದಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತೇನೋ.

ಪ್ರತಿಭಾ


ಆರ್.ಟಿ. ನಗರ
22 ಮಾರ್ಚ್ 2025

ಪ್ರತಿಭಾ,

ಕೊನೆಯ ಎರಡು ಸಾಲು ಬರೆಯುವಾಗಲೂ ಯೋಚಿಸಿದ್ದೆಯಾ?

ಏಳನೇ ಕ್ಲಾಸಿನಲ್ಲಿ ನಾನು ಅಜ್ಜಿ ಬಂದ ಸಂಭ್ರಮದಲ್ಲಿ "ನಮ್ಮ ದಾದಿ ಹಲ್ಲಿಯಿಂದ ಬಂದಿದ್ದಾರೆ" ಅಂದೆ. ನನ್ನ ನಾಲಿಗೆಗೆ ಹಳ್ಳಿಯ ಳ ಸಿಗಲಿಲ್ಲ. ಇಡೀ ಕ್ಲಾಸು ನಕ್ಕಿತು. ನೀನು ನಗಲಿಲ್ಲ, ಎದ್ದು ನಿಂತು, "ಮಿಸ್, ಅವಳು ಹೇಳಿದ್ದು ಹಳ್ಳಿ" ಅಂದೆ. ಅದನ್ನು ಉಪಕಾರ ಅಂತಲೇ ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಆದರೆ ಅವತ್ತಿನಿಂದ ಮೈಸೂರಿಗೆ ಹೋದಾಗ, ಬ್ಯಾಂಕಿನಲ್ಲಿ, ನನ್ನ ಮಗಳ ಸ್ಕೂಲಿನಲ್ಲಿ, ನೀನು ಪಕ್ಕದಲ್ಲಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ, ನೀನೇ ಮಾತಾಡುತ್ತಿದ್ದೆ. ನಿನ್ನ ದನಿಯ ಮೇಲೆ ನನಗೆ ಎಷ್ಟು ಅಸೂಯೆ ಇತ್ತೆಂದು ನಿನಗೆ ಗೊತ್ತಿಲ್ಲ. ಜೀವನದಲ್ಲಿ ಮೊದಲ ಸಲ ಯಾರೋ ನನ್ನ ಮಾತು ಬೇಕು ಅಂದಿದ್ದಾರೆ. ಒಂದು ದಿನ, ಒಂದೇ ದಿನ, ನೀನು ಅದಕ್ಕೆ ಸಂತೋಷ ಪಡಬಹುದಿತ್ತು.

ನಮ್ಮ ಯಜಮಾನರು ಅಂಗಡಿಯಿಂದ ಬಂದವರು ನನ್ನ ಮುಖ ನೋಡಿ ಏನಾಯ್ತು ಅಂದರು. ತಲೆನೋವು ಅಂದೆ.

ಅನೀಸಾ


ಚಿಕ್ಕಜಾಲ
6 ಮೇ 2025

ಪ್ರೀತಿಯ ಅನೀಸಾ,

ಮಾತು ಬಿಟ್ಟು ಇಷ್ಟು ದಿನವಾಯಿತು. ಸಿಟ್ಟು ಇಳಿದಿದೆ. ಅವತ್ತು ಬರೆದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಪಕ್ಕದ ಮನೆಗೆ ತಾಹೆರಾ ಎಂಬ ಹುಡುಗಿ ಬಂದಿದ್ದಾಳೆ. ಹೋಟೆಲುಗಳ ಚಾದರ ಒಗೆಯುವ ಲಾಂಡ್ರಿಯಲ್ಲಿ ಕೆಲಸ. ನನ್ನನ್ನು ಅಕ್ಕಾ ಅಕ್ಕಾ ಅಂತ ಹಚ್ಚಿಕೊಂಡಿದ್ದಾಳೆ. ಅವಳ ಮಾತು ಕೇಳಿದರೆ ನಿಮ್ಮ ಮನೆಯೇ ನೆನಪಾಗುತ್ತದೆ. ನಿಮ್ಮ ಅಮ್ಮಿ ಶುಕ್ರವಾರ ಮಾಡುತ್ತಿದ್ದ ಖಿಚಡಿ, ಖಟ್ಟಾ ತಿಂದು ಎಷ್ಟು ಕಾಲವಾಯಿತು! ಖಟ್ಟಾಕ್ಕೆ ಹುಣಸೆಹಣ್ಣಿನ ಜೊತೆ ಅವರು ಏನೇನು ಹಾಕುತ್ತಿದ್ದರು? ಮಾಡುವಾಗ ಏನೋ ಹೇಳಿಕೊಳ್ಳುತ್ತಿದ್ದರಲ್ಲ, ಅದೆಲ್ಲ ಬಿಡಿಸಿ ಬರೆಯೆ. ಓದಿದರೆ ಅಲ್ಲೇ ಬಂದು ಕೂತಂತಾಗುತ್ತದೆ.

ನಿನ್ನ
ಪ್ರತಿಭಾ


ಆರ್.ಟಿ. ನಗರ
13 ಮೇ 2025

ಪ್ರೀತಿಯ ಪ್ರತಿಭಾ,

ನಿನ್ನ ಕಾಗದ ಅಮ್ಮಿಗೆ ಓದಿ ಹೇಳಿದೆ. ಅವರ ಕಣ್ಣಿನ ಪೊರೆ ಬಲಿತಿದೆ, ನನ್ನ ಕಣ್ಣೀರು ಕಾಣಲಿಲ್ಲ. "ಏನ್ ಹಾಕ್ತೀನಿ ಅಂತ ಹೇಳೋದೇನು, ಬಂದು ನೋಡ್ಲಿ" ಅಂದರು ಮೊದಲು. ಆಮೇಲೆ ತಾವೇ ಕೂತು ಹೇಳಿದರು.

ಎಳ್ಳು ಹುರಿದು ಪುಡಿ ಮಾಡಬೇಕು, ಆರಿದ ಮೇಲೆ. ಹುಣಸೆ ನೀರಿಗೆ ಹಸಿ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಬಿದ್ದ ಮೇಲೆ ಎಳ್ಳಿನ ಪುಡಿ. ಕೊನೆಗೆ ಜೀರಿಗೆ, ಒಣಮೆಣಸಿನ ಒಗ್ಗರಣೆ. ಖಿಚಡಿಗೆ ಅಕ್ಕಿ ಅಳೆಯುವಾಗ ಬಿಸ್ಮಿಲ್ಲಾ ಅಂದು, ಅಳತೆ ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರೆ. ಯಾಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ನಿನಗೆ ಬರೆಯಬೇಕಲ್ಲ ಅಂತ ಈ ಸಲ ಕೇಳಿದೆ. "ಪ್ರತಿಭಾ ಸ್ಕೂಲಿಂದ ನಿನ್ ಜೊತೆ ಬಂದ್ಬಿಡೋಳಲ್ಲ, ಆಗಿನ ಅಭ್ಯಾಸ" ಅಂದರು.

ಕೆಲಸದ ಸುದ್ದಿ ಈ ಕಾಗದದಲ್ಲಿ ಬೇಡ. ಬೇರೆ ಎಲ್ಲ ಚೆನ್ನಾಗಿದೆ. ಮಗಳ ಸ್ಕೂಲಿನ ರಜೆ ಮುಗಿಯುವುದರೊಳಗೆ ಒಂದು ಶುಕ್ರವಾರ ಬಾ.

ನಿನ್ನ
ಅನೀಸಾ


ಆರ್.ಟಿ. ನಗರ
2 ಜುಲೈ 2025

ಪ್ರತಿಭಾ,

ಮೇ ತಿಂಗಳ ಕಾಗದದಲ್ಲಿ ನಿನ್ನಿಂದ ಮುಚ್ಚಿಟ್ಟ ಸುದ್ದಿ ಇದು: ನನ್ನನ್ನು ಪರಿಶೀಲಕಿ ಮಾಡಿದ್ದಾರೆ. ನಮ್ಮ ಬಗೆಯ ಕನ್ನಡದಲ್ಲಿ ಓದಿದವರ ರೆಕಾರ್ಡಿಂಗ್ ನನ್ನ ಫೋನಿಗೆ ಬರುತ್ತವೆ. ಹೆಸರು ಇರುವುದಿಲ್ಲ, ನಂಬರ್ ಮಾತ್ರ. ಸರಿಯಿದ್ದರೆ ಒಪ್ಪಿಗೆ ಒತ್ತುತ್ತೇನೆ. ಆ ಭಾಷೆಯವರಲ್ಲದವರು ನಟಿಸಿ ಓದಿದ್ದಾರೆ ಅನ್ನಿಸಿದರೆ 'ನಕಲಿ' ಅಂತ ಒತ್ತಬೇಕು. ನಕಲಿ ಹಿಡಿದುಕೊಟ್ಟರೆ ನಮಗೆ ಬಹುಮಾನ. ನಿನಗೆ ಹೊಟ್ಟೆ ಉರಿಯಬಾರದೆಂದು ಹೇಳಿರಲಿಲ್ಲ.

ಕಳೆದ ವಾರ ಒಂದು ನಂಬರಿನಿಂದ ಸಾಲಾಗಿ ರೆಕಾರ್ಡಿಂಗ್ ಬಂದವು. ಪ್ರತಿ ಳ ಜಾಗದಲ್ಲೂ ಲ. ನಮ್ಮವರು ಹಾಗೆ ಹೆಜ್ಜೆ ಹೆಜ್ಜೆಗೂ ಎಡವುವುದಿಲ್ಲ ಕಣೇ. ಒಂದು ಕಡೆ ಎಡವಿ, ಮುಂದಿನ ಕಡೆ ಜಾಗ್ರತೆಯಾಗಿ ದಾಟುತ್ತೇವೆ. ಮೊದಲು ನಗು ಬಂತು. ಯಾರೋ ಸಿನಿಮಾದ ಹಾಸ್ಯಪಾತ್ರದ ಥರ ಓದುತ್ತಿದ್ದಾರೆ ಅಂದುಕೊಂಡೆ.

ಆಮೇಲೆ ಬಂದದ್ದು ಸ್ವಂತವಾಗಿ ಮಾತಾಡುವ ರೆಕಾರ್ಡಿಂಗ್. 'ನಿಮ್ಮ ಮನೆಯ ವಿಶೇಷ ಅಡುಗೆಯ ಬಗ್ಗೆ ಹೇಳಿ' ಎಂಬ ವಿಷಯ. "ನಮ್ಮ ಅಮ್ಮಿ ಅಕ್ಕಿ ಅಲೆಯುವಾಗ ಬಿಸ್ಮಿಲ್ಲಾ ಅಂತಾರೆ. ಆಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕ್ತಾರೆ, ನನ್ ಗೆಲತಿ ಬರಬಹುದು ಅಂತ." ಅಷ್ಟು ಹೇಳಿ ನೀನು ಮುಂದಿನ ವಾಕ್ಯಕ್ಕೆ ಮುಂಚೆ ಉಸಿರು ತೆಗೆದುಕೊಂಡೆ. ಭಾಷಣದ ವೇದಿಕೆಯ ಮೇಲೆ ತೆಗೆದುಕೊಳ್ಳುತ್ತಿದ್ದ ಅದೇ ಉಸಿರು. ಹಿಂದೆಯೇ ವಿಮಾನದ ಸದ್ದು.

ನಾನು ಕೊನೆಯವರೆಗೂ ಕೇಳಲಿಲ್ಲ. ಒತ್ತಿಬಿಟ್ಟೆ.

ನ್ಯಾಯಕ್ಕಾಗಿ ಒತ್ತಿದೆ ಅಂತ ಬರೆಯಬಹುದಿತ್ತು. ಅದು ಸುಳ್ಳಾಗುತ್ತದೆ. ನಿನ್ನ ಹತ್ತಿರ ಎಲ್ಲ ಇತ್ತು, ನನ್ನ ಹತ್ತಿರ ಇದೊಂದೇ ಇತ್ತು, ಇದನ್ನೂ ನೀನು ತೆಗೆದುಕೊಂಡೆ ಅನ್ನಿಸಿತು. ನಮ್ಮ ಅಮ್ಮಿಯನ್ನು ನಿನ್ನ ಅಮ್ಮಿ ಮಾಡಿಕೊಂಡು ವಾಕ್ಯದ ಲೆಕ್ಕದಲ್ಲಿ ಮಾರಿದೆ ಅನ್ನಿಸಿತು. ಬಹುಮಾನ ಮರುದಿನವೇ ಬಂತು. ಅದನ್ನು ವಾಪಸ್ ಮಾಡುವ ಗುಂಡಿ ಆ ಆಪ್‌ನಲ್ಲಿ ಇಲ್ಲ, ಹುಡುಕಿದೆ.

ಅನೀಸಾ


ಚಿಕ್ಕಜಾಲ
9 ಜುಲೈ 2025

ಅನೀಸಾ,

ನೀನು ನಕಲಿ ಎಂದು ಒತ್ತಿದ ಆ ಖಾತೆ ನನ್ನದಲ್ಲ. ತಾಹೆರಾಳದ್ದು.

ಅವಳನ್ನು ಆಪ್‌ಗೆ ಸೇರಿಸಿದವಳು ನಾನು. ಲಾಂಡ್ರಿಯಿಂದ ಬಂದ ಮೇಲೆ ಅವಳಿಗೆ ಓದಲು ಒಂದಿಷ್ಟು ಹೊತ್ತು ಸಿಗುತ್ತಿತ್ತು. "ಹಗಲೆಲ್ಲ ನಿನ್ನ ಖಾತೆ ಸುಮ್ನೆ ಇರತ್ತಲ್ಲ, ನಾನು ಓದ್ತೀನಿ, ಬಂದದ್ರಲ್ಲಿ ಸಮಪಾಲು" ಅಂದೆ. "ನಿಮಗೆ ನಮ್ ಥರ ಮಾತಾಡಕ್ಕೆ ಬರತ್ತಾ ಅಕ್ಕಾ?" ಅಂತ ನಕ್ಕಳು. ಬರುತ್ತದೆ ಎಂದೆ. ಚಿಕ್ಕಂದಿನಿಂದ ನಿನ್ನನ್ನು ಕೇಳುತ್ತ ಬೆಳೆದವಳಿಗೆ ಬಾರದೇ ಇರುತ್ತದೆಯೇ? ಎಷ್ಟು ಸೊಕ್ಕು ನೋಡು.

ಈಗ ಅವಳ ಖಾತೆಗೆ ಬೀಗ ಬಿದ್ದಿದೆ. ಅವಳೇ ಓದಿದ, ಒಪ್ಪಿಗೆಯೂ ಆಗಿದ್ದ ವಾಕ್ಯಗಳ ಹಣವೂ ಸಿಕ್ಕಿಕೊಂಡಿದೆ. ತಂಗಿಯ ಕಾಲೇಜು ಫೀಸಿಗೆಂದು ಅದನ್ನು ಅವಳು ಆಪ್‌ನಲ್ಲೇ ಬಿಟ್ಟಿದ್ದಳಂತೆ. ಸಂಜೆ ಫೋನ್ ಹಿಡಿದು ಬಂದಳು. "ಅಕ್ಕಾ, ನಕಲಿ ಅಂತ ಬರ್ದಿದಾರೆ. ನಾನ್ ಹೆಂಗೆ ನಕಲಿ?" ಅಂದಳು. ನಾನು ಸಾರು ಉಕ್ಕುತ್ತಿದೆ ಎಂದು ಒಳಗೆ ಹೋದೆ.

ನಿನ್ನ ಮೇಲೆ ಸಿಟ್ಟು ಬಂದಿದೆ. ನನ್ನ ದನಿ ಗುರುತಿಸಿದ ಮೇಲೆ ಒಂದು ಫೋನ್ ಮಾಡಬಹುದಿತ್ತು. ಈ ಮಾತಿಗೆ ನೀನು ಏನು ಹೇಳುತ್ತೀಯೆಂದೂ ಗೊತ್ತು. ಖಿಚಡಿಯ ವಿಷಯಕ್ಕೆ ನಾನು ಏನನ್ನೂ ಬರೆಯಲಾರೆ. ಬರೆಯಲು ಕೂತು ಹರಿದು ಹಾಕಿದ್ದು ಮೂರು ಕಾಗದ.

ಪ್ರತಿಭಾ


ಚಿಕ್ಕಜಾಲ
4 ಆಗಸ್ಟ್ 2025

ಅನೀಸಾ,

ನಿನ್ನಿಂದ ಉತ್ತರ ಇಲ್ಲ. ಇರಲಿ. ನಡೆದದ್ದನ್ನು ಬೇರೆ ಯಾರಿಂದಲೋ ಕೇಳುವುದಕ್ಕಿಂತ ನನ್ನಿಂದ ಕೇಳು.

ತಾಹೆರಾಳಿಗೆ ಎಲ್ಲವನ್ನೂ ಹೇಳಿದೆ. ಎರಡು ದಿನ ನನ್ನ ಮನೆಯ ಕಡೆ ತಿರುಗಲಿಲ್ಲ. ಮೂರನೆಯ ದಿನ ಬಂದು, "ಆಫೀಸ್‌ಗೆ ನನ್ ಜೊತೆ ಬಂದು ಇದೇ ಮಾತು ಹೇಳ್ತೀರಾ?" ಅಂದಳು. ಹೋದೆವು.

ಹೇಮಂತ ನಮ್ಮನ್ನು ಕೂರಿಸಿ ನೀರು ಕೊಟ್ಟ. ನಾನು ಹೇಳುವುದನ್ನು ಹೇಳಿದೆ: ಹಗಲಿನದ್ದೆಲ್ಲ ನನ್ನ ದನಿ, ಸಂಜೆಯದ್ದು ಇವಳದ್ದು, ಇವಳ ಹಣ ಇವಳಿಗೆ ಕೊಡಿ, ನನ್ನನ್ನು ತೆಗೆಯಿರಿ.

"ಹಿಂಗ್ಯಾಕ್ ಮಾಡಿದ್ರಿ ಮೇಡಂ? ನಿಮ್ದು ಎಷ್ಟ್ ಛಂದ್ ದನಿ ಇತ್ತು."

"ಛಂದ ಇದ್ದಿದ್ದಕ್ಕೆ ಅರ್ಧ ಕೊಟ್ರಲ್ಲ," ಎಂದೆ. "ಒಂದು ವಾಕ್ಯ ಓದಕ್ಕೆ ನನಗೂ ಇವಳಿಗೂ ಹಿಡಿಯೋ ಹೊತ್ತು ಒಂದೇ. ಇವಳ ಥರದ ದನಿ ಬೇಕು ಅಂದ್ರೆ ಇವಳಿಗೆ ಮೇಲೊಂದಿಷ್ಟು ಕೊಡಿ, ಬೇಡ ಅನ್ನಲ್ಲ. ಅದನ್ನ ನನ್ನ ಪಾಲಿಂದ ಯಾಕೆ ಕಿತ್ಕೊಂಡ್ರಿ? ವಿಮಾನ ಹೋದ್ರೆ ನಾನ್ ಓದಿದ್ದು ದಂಡ. ವಿಮಾನ ನಂದಾ?"

"ರೇಟ್ ನಾ ಕಟ್ಟಂಗಿಲ್ರಿ. ಮ್ಯಾಲಿಂದ ಬರ್ತದ."

"ನಾಳೆ ಇವಳ ಥರದ ದನಿಗಳೂ ಸಾಕಾದ್ರೆ?"

ಅವನು ತಾಹೆರಾಳ ಮುಖ ನೋಡಲಿಲ್ಲ. ಪರದೆಯನ್ನೇ ನೋಡುತ್ತ, "ಸಾಕಾಗ್ಲಿಕ್ಕೆ ಬಂದಾವ್ರಿ. ಮುಂದಿನ್ ತಿಂಗ್ಳಿಂದ ಅವ್ರಿಗೂ ಅರ್ಧಾನ" ಅಂದ.

ನಿನಗೂ ಅರ್ಧ. ಈ ಮಾತು ಕೇಳಿದಾಗ ನನ್ನೊಳಗೆ ಏನೋ ತಣ್ಣಗಾಯಿತು, ಅನೀಸಾ. ಅದನ್ನು ಮುಚ್ಚಿಡುವುದಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಆ ತಂಪು ಇರಲಿಲ್ಲ. ತಾಹೆರಾ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಅವಳ ಖಾತೆಯ ಬೀಗ ತೆಗೆದರು, ಹಣವೂ ಬರುತ್ತದೆ. ನನಗೆ ಶಾಶ್ವತವಾಗಿ ಬಾಗಿಲು ಹಾಕಿದರು.

ಪ್ರತಿಭಾ


ಆರ್.ಟಿ. ನಗರ
19 ಅಕ್ಟೋಬರ್ 2025

ಪ್ರತಿಭಾ,

ಉತ್ತರಿಸಲು ತಡವಾಯಿತು. ಮೊದಮೊದಲು ಸಿಟ್ಟಿನಿಂದ, ಆಮೇಲೆ ಕೆಲಸದಿಂದ.

ಹೇಮಂತ ನಿಮಗೆ ಹೇಳಿದಂತೆಯೇ ಆಯಿತು. ಸೆಪ್ಟೆಂಬರಿನಲ್ಲಿ ನಮ್ಮ ದರವೂ ಅರ್ಧವಾಯಿತು. ಇನ್ನು ವಿಜಯಪುರ, ಕಲಬುರಗಿ ಕಡೆಯವರಿಗೆ ದುಪ್ಪಟ್ಟು. ಅದನ್ನು ಓದಿದ ತಕ್ಷಣ ನನಗೆ ಏನು ಅನ್ನಿಸಿತು ಗೊತ್ತಾ? ನುಡಿಬುತ್ತಿಗೆ ಓದುವ ನನ್ನ ಗುಂಪಿನಲ್ಲಿ ರತ್ನಕ್ಕ ಎಂಬವರಿದ್ದಾರೆ, ಮಗನ ಜೊತೆ ಸಂಜಯನಗರದಲ್ಲಿರುವ ಬಾಗಲಕೋಟೆಯ ಹೆಂಗಸು. ನನಗೆ ಚಹಾ ಪುಡಿ, ಚಟ್ನಿಪುಡಿ ಕೊಡುವ ತಾಯಿಯಂಥವರು. ಅವರಿಗೆ ದುಪ್ಪಟ್ಟು ಬರುತ್ತದೆಂದು ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆಗ ಬಸ್ ಸ್ಟಾಪಿನಲ್ಲಿ ಕಂಡ ನಿನ್ನ ಮುಖ ಅರ್ಥವಾಯಿತು.

ರತ್ನಕ್ಕನ ಮನೆಗೇ ಹೋಗಿ, ನಿಮ್ಮ ದರವೂ ನಮ್ಮದರ ಹಾಗೇ ಇಳಿಯುತ್ತದೆ ಎಂದು ಹೇಳಿದೆ. "ಅಯ್ಯ, ನನಗರ ಯಾಕ್ ಬೇಕವ್ವಾ ನಾಕ್ ತಿಂಗಳ ಸುಖ" ಅಂದರು. ಹೀಗೆ ಒಬ್ಬೊಬ್ಬರಾಗಿ ನಮ್ಮ ಮನೆಯ ಮಹಡಿಯಲ್ಲಿ ಸೇರಿದೆವು, ಎಲ್ಲ ಬಗೆಯ ದನಿಯವರೂ. ಓದುವುದನ್ನು ನಿಲ್ಲಿಸಿದೆವು. ಪರಿಶೀಲನೆಯನ್ನೂ ನಿಲ್ಲಿಸಿದೆವು. ಕಂಪನಿಗೆ ತಿಂಗಳ ಕೊನೆಯೊಳಗೆ ಯಾರಿಗೋ ಕೆಲಸ ಮುಗಿಸಿ ಕೊಡಬೇಕಿತ್ತಂತೆ. ಮೇಲಿನವರೊಬ್ಬರು ಕಾರಿನಲ್ಲಿ ಬಂದು ನಮ್ಮನ್ನೆಲ್ಲ ಆಫೀಸಿಗೆ ಕರೆಸಿದರು. ನೀನು ಹೇಮಂತನಿಗೆ ಕೇಳಿದ್ದನ್ನೇ ನಾನು ಅವರಿಗೆ ಕೇಳಿದೆ: ಓದುವ ಹೊತ್ತಿಗೆ ಎಲ್ಲರಿಗೂ ಒಂದೇ ದರ, ಅದು ಇಳಿಯಬಾರದು. ಯಾವುದಾದರೂ ದನಿ ಹೆಚ್ಚಿಗೆ ಬೇಕಾದರೆ ಅದರ ಮೇಲೆ ಕೊಡಲಿ, ಎಷ್ಟು ದಿನ ಎಂದು ಮೊದಲೇ ಹೇಳಲಿ. ಹೊರಗಿನ ಸದ್ದಿನಿಂದ ಕೆಟ್ಟದ್ದಕ್ಕೂ ಏನಾದರೂ ಕೊಡಲಿ.

ನನ್ನ ಕನ್ನಡದಲ್ಲೇ ಕೇಳಿದೆ, ಎಡವುತ್ತ. ಯಾರೂ ನಗಲಿಲ್ಲ. ಮೊದಲನೆಯದಕ್ಕೂ ಎರಡನೆಯದಕ್ಕೂ ಒಪ್ಪಿದರು. ಸದ್ದಿನ ವಿಷಯ ನೋಡೋಣ ಅಂದರು. ನಕಲಿ ಹಿಡಿದವರಿಗೆ ಬಹುಮಾನ ಕೊಡುವುದನ್ನು ಮಾತ್ರ ಬಿಡುವುದಿಲ್ಲವಂತೆ. ಆ ಕೆಲಸ ನಾನು ಬಿಟ್ಟೆ. ನಿನ್ನನ್ನು ವಾಪಸ್ ತೆಗೆದುಕೊಳ್ಳಿ ಎಂದೂ ಕೇಳಿದೆ. ಆಗುವುದಿಲ್ಲ ಅಂದರು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಆ ಸಭೆಗೆ ತಾಹೆರಾ ಬಂದಿದ್ದಳು. ನಿನ್ನ ಸುದ್ದಿ ಬಂದಾಗ ಯಾರೋ, "ಅವ್ಳಾ, ಮೋಸಗಾತಿ" ಅಂದರು. ತಾಹೆರಾ ಎದ್ದು, "ಪ್ರತಿಭಕ್ಕ ಮಾಡಿದ್ದು ತಪ್ಪು, ಬಂದು ಒಪ್ಕೊಂಡಿದ್ದು ನನ್ ಕಣ್ ಮುಂದೆ. ಅವ್ರ ಬಗ್ಗೆ ಹಂಗೆಲ್ಲ ಮಾತಾಡ್ಬೇಡಿ" ಅಂದಳು. ನಾನು ಹೇಳಬೇಕಾಗಿದ್ದ ಮಾತು. ನಿನ್ನನ್ನು ಬಲ್ಲವಳು ನಾನು, ಅವಳು ನಿನ್ನೆ ಮೊನ್ನೆ ಬಂದವಳು. ನನಗೆ ಅವಳ ಮೇಲೆ ಎಂಥ ಅಸೂಯೆಯಾಯಿತೆಂದರೆ ಮನೆಗೆ ಬಂದ ಮೇಲೂ ಊಟ ಸೇರಲಿಲ್ಲ.

ಚಿಕ್ಕಜಾಲಕ್ಕೆ ಬರಲಾ?

ನಿನ್ನ
ಅನೀಸಾ


ಚಿಕ್ಕಜಾಲ
2 ನವೆಂಬರ್ 2025

ಅನೀಸಾ,

ಹೊಸ ದರದ ಸುದ್ದಿಯನ್ನು ನಿನ್ನ ಕಾಗದಕ್ಕಿಂತ ಮೊದಲು ತಾಹೆರಾ ತಂದಳು. ಬಾಗಿಲಲ್ಲೇ ನಿಂತು ಕುಣಿದಳು. ನಾನು ಅವಳಿಗೆ ಸಕ್ಕರೆ ಕೊಟ್ಟೆ, ಬೆನ್ನು ತಟ್ಟಿದೆ. ಅವಳು ಹೋದ ಮೇಲೆ ಹಿತ್ತಲಿನಲ್ಲಿ ಕೂತು ಅತ್ತೆ. ಎಲ್ಲರಿಗೂ ಒಂದೇ ದರ ಎಂಬ ಆ ಮಾತು ನನ್ನದು, ಅದರಿಂದ ಬರುವ ದುಡ್ಡು ನಿಮ್ಮದು. ಕಾರಿನಲ್ಲಿ ಬಂದ ಮನುಷ್ಯನ ಎದುರು ನಿಂತು ಅದನ್ನು ಕೇಳುವ ಅವಕಾಶ ನಿನಗೆ ಸಿಕ್ಕಿತು. ಆ ದೃಶ್ಯವನ್ನು ನೆನೆಸಿಕೊಂಡಾಗಲೆಲ್ಲ ನಿನ್ನ ಜಾಗದಲ್ಲಿ ನನ್ನನ್ನು ನಿಲ್ಲಿಸಿ ನೋಡುತ್ತೇನೆ. ನಾನಾಗಿದ್ದರೆ ಎಡವುತ್ತಿರಲಿಲ್ಲ. ಅವರು ಒಪ್ಪುತ್ತಿದ್ದರೋ ಇಲ್ಲವೋ, ಅದು ಬೇರೆ.

ಇಂಥ ಬುದ್ಧಿ ನನ್ನದು. ಇಷ್ಟೆಲ್ಲ ಆದ ಮೇಲೂ ಹೋಗಿಲ್ಲ.

ನಾನೀಗ ತಾಹೆರಾಳ ಲಾಂಡ್ರಿಯಲ್ಲೇ ಚಾದರ ಮಡಿಸುತ್ತೇನೆ. ಮಾತಾಡುವ ಕೆಲಸವಲ್ಲ. ಯಂತ್ರದ ಸದ್ದಿಗೆ ಅಲ್ಲಿ ಯಾರ ಮಾತೂ ಕೇಳಿಸುವುದಿಲ್ಲ. ಸಂಬಳ ಎಲ್ಲರಿಗೂ ಒಂದೇ, ಕಡಿಮೆಯೇ.

ನಿನ್ನ ಅಮ್ಮಿಗೆ ನಾನೇ ಬಂದು ಹೇಳಬೇಕಾದದ್ದು ಇದೆ. ಅದಕ್ಕೆ ಧೈರ್ಯ ಇನ್ನೂ ಸಾಲದು. ಮೊದಲು ನೀನು ಬಾ. ಭಾನುವಾರ ರಜೆ. ಸುಬ್ರಮಣಿ ಬಸ್ ಸ್ಟಾಪಿನಿಂದ ಕರೆದುಕೊಂಡು ಬರುತ್ತಾರೆ.

ನಿನ್ನನ್ನು ಕಂಡ ತಕ್ಷಣ ನನಗೆ ಸಂತೋಷವಾಗುತ್ತದೆ ಎಂದು ಬರೆಯಲಾರೆ. ಮೊದಲು ಸ್ವಲ್ಪ ಹೊತ್ತು ಹೊಟ್ಟೆ ಉರಿಯುತ್ತದೆ. ಮುಖ ಗಂಟಿಕ್ಕಿಕೊಂಡಿರುತ್ತೇನೆ, ಸರಿಯಾಗಿ ಮಾತೂ ಆಡದೆ ಪಾತ್ರೆ ಕುಕ್ಕುತ್ತೇನೆ. ನೀನು ಬೇಜಾರು ಮಾಡಿಕೊಂಡು ಎದ್ದು ಹೋಗಬೇಡ. ಅದು ಇಳಿಯುತ್ತದೆ. ಇಳಿಯುವವರೆಗೆ ಕೂತಿರು.

ನಿನ್ನ
ಪ್ರತಿಭಾ